ಈಜು ತಂಡವನ್ನು ಉಳಿಸಿಕೊಟ್ಟವರಿಗೆ

ಅಮೆರಿಕದ ಮಧ್ಯಪಶ್ಚಿಮ ಭಾಗದ ವಿಶ್ವವಿದ್ಯಾಲಯವೊಂದರಲ್ಲಿ ನನ್ನ ಮಗ ಓದುತ್ತಾನೆ, ಅಲ್ಲಿನ ಈಜು ತಂಡದಲ್ಲಿದ್ದಾನೆ. ಕಳೆದ ಸೆಪ್ಟೆಂಬರ್‌ನಲ್ಲಿ ಆ ತಂಡವನ್ನು ಹಣದ ಕೊರತೆಯಿಂದ ಮುಚ್ಚುವುದಾಗಿ ಹುಡುಗರನ್ನೆಲ್ಲ ಕೂರಿಸಿ ಹೇಳಿದರು. ಸಭೆ ಕಾಲು ಗಂಟೆಯೂ ನಡೆಯಲಿಲ್ಲವಂತೆ. ಎಂಟು ತಿಂಗಳ ಓಡಾಟದ ನಂತರ ಆ ನಿರ್ಧಾರವನ್ನು ಹಿಂತೆಗೆದುಕೊಂಡು, ಮುಂದಿನ ಮೂರು ವರ್ಷ ತಂಡ ಇರುತ್ತದೆಂದು ಲಿಖಿತವಾಗಿ ತಿಳಿಸಿದ್ದಾರೆ. ಇದಕ್ಕೆ ಕಾರಣರಾದವರಲ್ಲಿ ಹೆಚ್ಚಿನವರ ಮುಖವನ್ನೂ ನಾನು ನೋಡಿಲ್ಲ. ಅವರೆಲ್ಲರಿಗೂ ತಾಯಿಯೊಬ್ಬಳ ಕೃತಜ್ಞತೆಗಳು.

ಊರಿನಲ್ಲಿರುವ ನೆಂಟರು 'ಅಷ್ಟು ದೊಡ್ಡ ಕಾಲೇಜಿಗೆ ಒಂದು ಈಜುಕೊಳ ನಡೆಸಲು ಹಣವಿಲ್ಲವೇ?' ಎಂದು ಕೇಳಿದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಇಲ್ಲಿನ ಕಾಲೇಜು ಕ್ರೀಡೆಯಲ್ಲಿ ವರಮಾನ ತರುವ ಆಟಗಳು ಮುಖ್ಯವಾಗಿ ಎರಡು: ಅಮೆರಿಕನ್ ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್. ಈಜು, ಕುಸ್ತಿ, ಟೆನಿಸ್, ಜಿಮ್ನಾಸ್ಟಿಕ್ಸ್ ಮೊದಲಾದವು ಬಹಳ ಕಡೆ ಆ ಎರಡರ ಟಿವಿ ಹಕ್ಕು ಮತ್ತು ಟಿಕೆಟ್ ಹಣದ ಆಸರೆಯಲ್ಲೇ ಬದುಕಿವೆ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ, ಕಾಲೇಜು ಆಟಗಾರರು ಹೂಡಿದ್ದ 'ಹೌಸ್' ಎಂಬ ಮೊಕದ್ದಮೆಯ ರಾಜಿಯಿಂದಾಗಿ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಯಿತು. ಮೊದಲ ವರ್ಷದ ಮಿತಿಯೇ ಕಾಲೇಜೊಂದಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಮೈದಾನದಲ್ಲಿ ಮೈ ಮುರಿದುಕೊಳ್ಳುವ ಹುಡುಗರಿಗೆ ಅವರ ದುಡಿಮೆಯ ಪಾಲು ಸಲ್ಲುವುದು ನ್ಯಾಯವೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಹಣವನ್ನು ಹೊಂದಿಸುವಾಗ ಮೊದಲು ಕತ್ತರಿ ಬೀಳುವುದು ಯಾರೂ ಟಿಕೆಟ್ ಕೊಂಡು ನೋಡದ ಆಟಗಳ ಮೇಲೆ.

ನನ್ನ ಮೊದಲ ವಂದನೆ, ತಾನೂ ಒಂದು ಕಾಲದಲ್ಲಿ ಇದೇ ಕೊಳದಲ್ಲಿ ಬ್ಯಾಕ್‌ಸ್ಟ್ರೋಕ್ ಈಜಿದ್ದ, ಈಗ ನಿವೃತ್ತರಾಗಿರುವ ಲೆಕ್ಕಪರಿಶೋಧಕರಿಗೆ. ನಾವೆಲ್ಲ ಸಹಿ ಸಂಗ್ರಹಿಸುತ್ತ, ಕಣ್ಣೀರಿಡುತ್ತ ಇದ್ದಾಗ ಅವರು ಆಯವ್ಯಯ ಪತ್ರವನ್ನು ತರಿಸಿಕೊಂಡು ಸಾಲು ಸಾಲಾಗಿ ಓದಿದರು. ಆ ರಾಜಿಗೆ ಮುಂಚಿನ ನಿಯಮದಲ್ಲಿ ಪುರುಷರ ಈಜು ತಂಡವೊಂದಕ್ಕೆ ಇದ್ದದ್ದು ಹೆಚ್ಚೆಂದರೆ 9.9 ಪೂರ್ಣ ವಿದ್ಯಾರ್ಥಿವೇತನಗಳು. ಅಷ್ಟನ್ನೇ ಇಡೀ ತಂಡಕ್ಕೆ ಹಂಚಬೇಕಿದ್ದುದರಿಂದ ಬಹುಪಾಲು ಮಕ್ಕಳ ಶುಲ್ಕದ ದೊಡ್ಡ ಭಾಗವನ್ನು ಮನೆಯವರೇ ಕಟ್ಟುತ್ತಿದ್ದರು. ನಮ್ಮ ತಂಡದಲ್ಲಿ ನಿಯಮ ಬದಲಾದ ಮೇಲೂ ಸ್ಥಿತಿ ಅದೇ. ತಂಡ ಮುಚ್ಚಿದರೆ ಈ ಹುಡುಗರಲ್ಲಿ ಅನೇಕರು ಬೇರೆ ಕಾಲೇಜಿಗೆ ಹೋಗುತ್ತಾರೆ, ಅವರ ಶುಲ್ಕವೂ ಅವರ ಹಿಂದೆಯೇ ಹೋಗುತ್ತದೆ. ಉಳಿತಾಯ ಕ್ರೀಡಾ ವಿಭಾಗದ ಪುಸ್ತಕದಲ್ಲಿ ಕಾಣುತ್ತದೆ, ನಷ್ಟ ಇನ್ನೊಂದು ವಿಭಾಗದ ಪುಸ್ತಕದಲ್ಲಿ ಬೀಳುತ್ತದೆ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ತೋರಿಸಿದವರು ಅವರೊಬ್ಬರೇ. ಎದುರಿಗಿದ್ದವರ ದನಿ ಆ ದಿನದಿಂದ ಮೆತ್ತಗಾಯಿತು.

ಧೈರ್ಯ ಕುಸಿದಾಗಲೆಲ್ಲ ಅವರು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಕಥೆ ಹೇಳುತ್ತಿದ್ದರು. 2008ರಲ್ಲಿ ಅಲ್ಲಿಯೂ ಪುರುಷರ ಈಜು ತಂಡವನ್ನು ನಿಲ್ಲಿಸುವ ಘೋಷಣೆಯಾಗಿತ್ತು. ಹಳೆಯ ಈಜುಗಾರರು ಹಣ ಕೂಡಿಸಿ ಉಳಿಸಿಕೊಂಡರು. ಅದೇ ತಂಡ 2024ರಲ್ಲಿ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದಿತು, ಮತ್ತು ಅದರಲ್ಲಿ ಈಜಿದ ಫ್ರಾನ್ಸಿನ ಲಿಯೋನ್ ಮಾರ್ಶಾಂ ಆ ಬೇಸಿಗೆಯಲ್ಲೇ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ವೈಯಕ್ತಿಕ ಚಿನ್ನ ಪಡೆದ. ನಮ್ಮ ಹುಡುಗರು ಆ ಮಟ್ಟದವರಲ್ಲ, ನನ್ನ ಮಗನಂತೂ ಖಂಡಿತ ಅಲ್ಲ. ಆದರೂ ಆ ಕಥೆ ನಮ್ಮನ್ನು ಚಳಿಗಾಲ ದಾಟಿಸಿತು.

ಇಲ್ಲಿನ ಕನ್ನಡ ಕೂಟದವರಿಗೆ ಹೇಗೆ ವಂದಿಸಲಿ? ರಾಜ್ಯೋತ್ಸವದ ದಿನ ಬಿಸಿಬೇಳೆಬಾತ್ ಮಾರಿ ಬಂದದ್ದನ್ನೆಲ್ಲ ತಂಡವನ್ನು ಉಳಿಸಲು ನಾವು ಕೂಡಿಸುತ್ತಿದ್ದ ನಿಧಿಗೆ ಕೊಟ್ಟರು. ಈಜು ಬಾರದ ಹಿರಿಯರೊಬ್ಬರು ಇಡೀ ದಿನ ತಟ್ಟೆ ಎತ್ತಿದರು. ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಹೋದಾಗ ನನ್ನ ಮಗನಿಗೆ ಬಸವನಗುಡಿಯಲ್ಲಿ ನೀರಿನ ಹೆದರಿಕೆ ಬಿಡಿಸಿದ ತರಬೇತುದಾರರಿಗೆ ಸುದ್ದಿ ಮುಟ್ಟಿ, ಅವರೂ ತಮ್ಮ ಕೈಲಾದದ್ದನ್ನು ಕಳಿಸಿದರು. ಮರಳಿಸಲು ಹೋದೆ, ಗದರಿಸಿಬಿಟ್ಟರು. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಕೆಲವರು ತಾವಾಗಿಯೇ ಬಂದು ಮನವಿಗೆ ಸಹಿ ಹಾಕಿದರು. ಮಹಿಳೆಯರ ಈಜು ತಂಡಕ್ಕೆ ಅಪಾಯವಿರಲಿಲ್ಲ. ಆದರೂ ಆ ಹುಡುಗಿಯರು ಪ್ರತಿ ಸಭೆಗೂ ತಂಡದ ಜಾಕೆಟ್ ಹಾಕಿಕೊಂಡು ಬಂದು ಹಿಂದಿನ ಸಾಲಿನಲ್ಲಿ ನಿಂತರು.

ಎಲ್ಲವೂ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ತಂಡವನ್ನು ಉಳಿಸಲು ವಿಶ್ವವಿದ್ಯಾಲಯ ಹಾಕಿದ ಷರತ್ತಿನಂತೆ ಪುರುಷರ ಡೈವಿಂಗ್ ನಿಂತಿತು, ತಂಡದ ಗಾತ್ರ ಕಿರಿದಾಗಿ ನಾಲ್ವರು ಹುಡುಗರು ಜಾಗ ಕಳೆದುಕೊಂಡರು. ತಮಗೆ ಜಾಗ ಇರುವುದಿಲ್ಲವೆಂದು ಮಾರ್ಚ್‌ನಲ್ಲೇ ತಿಳಿದಿದ್ದರೂ ಆ ನಾಲ್ವರು ಏಪ್ರಿಲ್ ಕೊನೆಯವರೆಗೆ ಮನೆ ಮನೆಗೆ ಫೋನ್ ಮಾಡಿ ದೇಣಿಗೆ ಕೇಳಿದರು. ಅವರ ತಂದೆತಾಯಿಯರ ಮುಂದೆ ನಿಂತಾಗ 'ಧನ್ಯವಾದ' ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ನಿಧಿಯ ಲೆಕ್ಕವನ್ನು ಕೊಟ್ಟವರೆಲ್ಲರಿಗೂ ಈ ತಿಂಗಳೊಳಗೆ ಕಳಿಸುತ್ತೇವೆ. ಹೊಸ ಋತುವಿನ ಮೊದಲ ಸ್ಪರ್ಧೆಗೆ ಆ ನಾಲ್ವರೂ ಬರಲು ಒಪ್ಪಿದ್ದಾರೆ, ಅವರಿಗಾಗಿ ಸ್ಟಾರ್ಟಿಂಗ್ ಬ್ಲಾಕ್‌ಗಳ ಹತ್ತಿರದ ಮುಂದಿನ ಸಾಲನ್ನು ತಂಡದವರು ಈಗಲೇ ಕಾದಿರಿಸಿದ್ದಾರೆ.