ನೆನಪಿನ ಗುಳಿಗೆ ಬೇಡ, ಉರ್ದುವಿನ ಅಲಿಫ್ ಬೇ ಕಲಿ

ಬೀದರ

ಚಿರಂಜೀವಿ ತಮ್ಮನಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಗಂಜ್ ಮಾರುಕಟ್ಟೆಯಲ್ಲಿ ವರ್ಷಗಟ್ಟಲೆ ಮಾಲು ತರುವ ರೈತ ಎದುರು ನಿಂತರೂ ಹೆಸರು ನೆನಪಾಗುವುದಿಲ್ಲ, ಕೀಲಿ ಎಲ್ಲಿ ಇಟ್ಟೆನೋ ತಿಳಿಯುವುದಿಲ್ಲ, ಯಾವುದಾದರೂ ನೆನಪಿನ ಗುಳಿಗೆ ಇದ್ದರೆ ಹೇಳು ಎಂದು ಬರೆದಿದ್ದಿ. ಗುಳಿಗೆಯ ಮಾತು ಮೊದಲೇ ಮುಗಿಸುತ್ತೇನೆ. ಗಿಂಕೊ ಎಂಬ ಎಲೆಯ ಸಾರಕ್ಕೆ ಈ ವಿಷಯದಲ್ಲಿ ದೊಡ್ಡ ಹೆಸರು. ಅಮೆರಿಕದಲ್ಲಿ 3,000ಕ್ಕೂ ಹೆಚ್ಚು ವಯಸ್ಸಾದವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಎರಡು ಸಲ 120 ಮಿಲಿಗ್ರಾಂ ಸಾರ, ಇನ್ನೊಂದಕ್ಕೆ ಸಾರವಿಲ್ಲದ ಗುಳಿಗೆ ಕೊಟ್ಟು ಸುಮಾರು 6 ವರ್ಷ ನೋಡಿದರು. 2008ರಲ್ಲಿ ಫಲಿತಾಂಶ ಬಂತು: ಸಾರ ತಿಂದವರಿಗೂ ಮರೆವಿನ ರೋಗ ಕಡಿಮೆಯಾಗಿರಲಿಲ್ಲ. ಆ ರೊಕ್ಕ ಉಳಿಸಿಕೊ. ಬೇರೆ ಕಡೆ ಖರ್ಚು ಹೇಳುತ್ತೇನೆ.

ಹೆಸರು ನಾಲಿಗೆಗೆ ಬರದೆ ತಾಸಿನ ಮೇಲೆ ತಾನೇ ಹೊಳೆದರೆ ಅದು ರೋಗವಲ್ಲ. ದಿನಾ ಹೋಗುವ ದಾರಿ ತಪ್ಪಿದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ, ಕಣ್ಣು ಮುಚ್ಚಿ ಮಾಡುತ್ತಿದ್ದ ಅಡತಿಯ ಲೆಕ್ಕ ಕೈ ಕೊಟ್ಟರೆ ತಡ ಮಾಡದೆ ನರರೋಗದ ಡಾಕ್ಟರರನ್ನು ಕಾಣಬೇಕು. ಇನ್ನೊಂದು ಮಾತು ಮನೆಯವರೆಲ್ಲರಿಗೂ ಹೇಳಿಡು: ಮುಖ ಒಂದು ಕಡೆ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಆ ಗಳಿಗೆಯೇ ದೊಡ್ಡ ದವಾಖಾನೆಗೆ ಹೊರಡಬೇಕು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಸೂಜಿಗೆ ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಗಡುವು.

ಈಗ ನೀನು ಮಾಡಿಸಬೇಕಾದ್ದು ರಕ್ತದ ಪರೀಕ್ಷೆ. ವಿಟಮಿನ್ ಬಿ12, ಥೈರಾಯ್ಡ್, ಮೂರು ತಿಂಗಳ ಸರಾಸರಿ ಸಕ್ಕರೆ, ಕೊಲೆಸ್ಟರಾಲ್. ನಮ್ಮದು ಕಾಯಿಪಲ್ಯದ ಮನೆ. ರೊಟ್ಟಿ, ಬೇಳೆ, ಪುಂಡಿಪಲ್ಯದಲ್ಲಿ ಬಿ12 ಇಲ್ಲ. ಇರುವುದು ಹಾಲು ಮೊಸರಿನಲ್ಲಿ, ಒಂದು ದೊಡ್ಡ ಲೋಟ ಹಾಲಿಗೆ ಸುಮಾರು 1 ಮೈಕ್ರೋಗ್ರಾಂ. ದೇಹಕ್ಕೆ ದಿನಕ್ಕೆ ಎರಡಕ್ಕಿಂತ ಹೆಚ್ಚು ಬೇಕು. ಚಹಾಕ್ಕೆ ಹಾಕಿದ ಎರಡು ಚಮಚ ಹಾಲು ಲೆಕ್ಕಕ್ಕೆ ಬರುವುದಿಲ್ಲ. ಸಕ್ಕರೆ ರೋಗಕ್ಕೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ವರ್ಷಗಳು ಕಳೆದಂತೆ ಬಿ12 ಇನ್ನೂ ಇಳಿಯುತ್ತದೆ. ಅಂಗಾಲು ಜುಮುಗುಡುವುದು, ಬುದ್ಧಿ ಮಂಕಾಗುವುದು ಬಿ12 ಕೊರತೆಯ ಗುರುತು. ಇಂಥ ಮರೆವನ್ನು ಬೇಗ ಪತ್ತೆ ಹಚ್ಚಿದರೆ ತಿರುಗಿ ಸರಿಹೋಗಬಹುದು, ಅದಕ್ಕೇ ಮೊದಲು ಇದನ್ನು ನೋಡು ಎನ್ನುವುದು.

ಬಿಪಿಯ ವಿಷಯದಲ್ಲಿ ನಿನ್ನ ಅಸಡ್ಡೆ ನನಗೆ ಸರಿ ಕಾಣುವುದಿಲ್ಲ. ಮಿದುಳು ಮೈತೂಕದ ನೂರಕ್ಕೆ 2 ಭಾಗ, ಆದರೆ ಉಣ್ಣುವುದು ದೇಹದ ಶಕ್ತಿಯ ನೂರಕ್ಕೆ 20. ಅಷ್ಟನ್ನೂ ಕೂದಲಿಗಿಂತ ತೆಳುವಾದ ರಕ್ತನಾಳಗಳು ಹೊತ್ತು ತರಬೇಕು. ನಡುವಯಸ್ಸಿನಲ್ಲಿ ಒತ್ತಡ ಏರಿದರೆ ನೋವಿಲ್ಲದೆ, ಸದ್ದಿಲ್ಲದೆ ಆ ನಾಳಗಳು ಗಟ್ಟಿಯಾಗುತ್ತವೆ. ತೋಳಿಗೆ ಕಟ್ಟುವ ಯಂತ್ರ ಒಂದು ಕೊಂಡುಕೊ. ಚಹಾ, ತಂಬಾಕು, ಓಡಾಟ ಆಗಿ ಅರ್ಧ ತಾಸು ಕಳೆದಿರಬೇಕು. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂಡು. ಬರಿದೋಳಿಗೆ ಪಟ್ಟಿ ಸುತ್ತಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಟ್ಟು, ನಿಮಿಷದ ಅಂತರದಲ್ಲಿ ಎರಡು ಸಲ ನೋಡು. ಅಂಗಡಿಯ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ, ಫೋನಿನಲ್ಲಿ ಮಾತಾಡುತ್ತ ನೋಡಿದರೆ ಅಂಕಿ ಸುಳ್ಳೇ ಹೆಚ್ಚು ಬರುತ್ತದೆ. ಮುಂಜಾನೆ ಸಂಜೆ ಒಂದು ವಾರ ಬರೆದು, ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆ. 135/85 ದಾಟಿದರೆ ಡಾಕ್ಟರರ ಮುಂದೆ ಆ ಚೀಟಿ ಇಡು. ಗುಳಿಗೆ ಬರೆದರೆ, ಅಂಕಿ ಇಳಿಯಿತೆಂದು ಬಿಡಬೇಡ, ಇಳಿದದ್ದು ಗುಳಿಗೆಯಿಂದಲೇ.

ಉಪ್ಪಿನ ಲೆಕ್ಕ ಅಂಗಡಿಕಾರನಿಗೆ ಸುಲಭ. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೀವು ನಾಲ್ಕು ಜನ, ಅಂದರೆ ಒಂದು ಕಿಲೋ ಉಪ್ಪಿನ ಪಾಕೀಟು 50 ದಿನ ಬರಬೇಕು. ಒಡೆದ ದಿನ ಅದರ ಮೇಲೆ ತಾರೀಖು ಬರೆ. ತಿಂಗಳಿಗೇ ಮುಗಿದರೆ ಅಡುಗೆಯ ಕೈ ಜೋರಿದೆ ಎಂದು ಅರ್ಥ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಭಜಿ ಆ ಲೆಕ್ಕದ ಹೊರಗೇ ಬರುತ್ತವೆ, ಆದ್ದರಿಂದ ಪಾಕೀಟು 50 ದಿನ ಮೀರಿ ಬಾಳಿದರೆ ಇನ್ನೂ ಒಳ್ಳೆಯದು. ಉಳಿದಂತೆ ನಮ್ಮ ಊಟವೇ ಮೇಲು: ಜೋಳದ ರೊಟ್ಟಿ, ತೊಗರಿಬೇಳೆ, ಸೊಪ್ಪು, ಅಗಸಿ ಹಿಂಡಿ. ಅಗಸಿಯನ್ನು ಹುರಿದು ಪುಡಿ ಮಾಡಿಯೇ ತಿನ್ನಬೇಕು, ಇಡೀ ಕಾಳು ಹೊಟ್ಟೆಯಲ್ಲಿ ಅರಗದೆ ಹೋಗುತ್ತದೆ. ಗುಟಕಾ ಬಿಡು. ಗಾಡಿಯಲ್ಲಿ ಹೆಲ್ಮೆಟ್ ಹಾಕು.

ಕಿವಿಯ ಮಾತು ನಿನಗೆ ಹೊಸದು ಅನಿಸಬಹುದು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ, ಮರೆವಿನ ರೋಗಕ್ಕೆ ನಮ್ಮ ಕೈಯಲ್ಲಿರುವ 14 ಕಾರಣಗಳನ್ನು ಗುರುತಿಸಿತು. ಎಲ್ಲ ಸರಿಪಡಿಸಿದರೆ ಸುಮಾರು 45 ಪ್ರತಿಶತ ರೋಗ ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಅದರಲ್ಲಿ ಅತಿ ದೊಡ್ಡ ಪಾಲು ಪಡೆದ ಎರಡರಲ್ಲಿ ಒಂದು ಕಿವುಡು, ಇನ್ನೊಂದು ಕೆಟ್ಟ ಕೊಲೆಸ್ಟರಾಲ್. ಬೇಳೆ ಮಿಲ್ಲಿನಲ್ಲಿ ಒಂದು ಮೊಳ ದೂರದವನಿಗೂ ಕೂಗಿ ಹೇಳಬೇಕಾದರೆ ಆ ಸದ್ದು ಕಿವಿ ತಿನ್ನುತ್ತಿದೆ. ಫೋಮಿನ ಕಿವಿಬಿರಡೆ ಕಡಿಮೆ ಬೆಲೆಯದು. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಕಿವಿಯನ್ನು ಮೇಲಕ್ಕೆಳೆದು ಒಳಗೆ ಕೂರಿಸಿ, ಉಬ್ಬುವ ತನಕ ಹಿಡಿದಿರಬೇಕು. ಸುಮ್ಮನೆ ಕಿವಿಯ ಬಾಯಿಗೆ ಚುಚ್ಚಿದರೆ ಪ್ರಯೋಜನವಿಲ್ಲ. ಹಮಾಲರಿಗೂ ತಂದುಕೊಡು.

ನಡಿಗೆಗೆ ಅಪ್ಪನ ಕೆರೆಯ ದಂಡೆ ಇದ್ದೇ ಇದೆ. ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ಬಿರುಸು. ವಾರಕ್ಕೆ 150 ನಿಮಿಷ. ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವುದರಿಂದ ಮುಂಜಾನೆ ಆರೂವರೆಗೆ ಮುಗಿಸಿಬಿಡು. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಾರಕ್ಕೆ ಮೂರು ದಿನ, 40 ನಿಮಿಷ ನಡೆದವರ ಮಿದುಳಿನಲ್ಲಿ ನೆನಪು ಕಟ್ಟುವ ಭಾಗ ಒಂದು ವರ್ಷಕ್ಕೆ 2 ಪ್ರತಿಶತ ದೊಡ್ಡದಾಗಿತ್ತು. ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರದು ಕುಗ್ಗಿತ್ತು. ನಿದ್ದೆ 7 ತಾಸು ಆಗಲಿ. ಸಂಜೆ ಆರರ ಚಹಾದ ಕೆಫೀನ್ ಅರ್ಧದಷ್ಟು ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿ ಇರುತ್ತದೆ, ಆದ್ದರಿಂದ ಕೊನೆಯ ಚಹಾ ಮೂರಕ್ಕೆ. ಗೊರಕೆಯ ನಡುವೆ ಉಸಿರು ನಿಂತು ಮತ್ತೆ ಏದುಸಿರು ಬರುತ್ತದೆಯೇ ಎಂದು ಮನೆಯವಳನ್ನು ಕೇಳು. ಹೌದಾದರೆ ಅದಕ್ಕೆ ಬೇರೆಯೇ ಪರೀಕ್ಷೆ, ಚಿಕಿತ್ಸೆ ಇವೆ. ಹೆಸರು ಮರೆಯುವುದರ ಕಾರಣ ಅಲ್ಲೇ ಇರಲೂಬಹುದು.

ಇಷ್ಟೆಲ್ಲ ಹೊಲ ಹಸನು ಮಾಡಿದಂತೆ. ಬಿತ್ತಬೇಕಲ್ಲ?

ಪೇಪರಿನ ಪದಬಂಧ ಬಿಡಿಸುತ್ತೇನೆ, ಸಾಕಲ್ಲವೇ ಎಂದು ಕೇಳಿದ್ದಿ. ಬರುವುದನ್ನೇ ಮಾಡಿದರೆ ಅದೇ ಚುರುಕಾಗುತ್ತದೆ, ಅಷ್ಟೇ. ಬಾರದ್ದಕ್ಕೆ ಕೈ ಹಾಕಬೇಕು. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ 648 ಮರೆವಿನ ರೋಗಿಗಳ ಮೇಲಿನ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು, ಓದುಬರಹ ಬಾರದವರಲ್ಲೂ. ಎಲ್ಲ ದೇಶದ ಅಧ್ಯಯನಗಳೂ ಇದನ್ನೇ ಹೇಳಿಲ್ಲ. ಆದರೂ ಇದು ನಮ್ಮ ಸೀಮೆಯ ಜನರಂಥವರನ್ನೇ ನೋಡಿ ಕಂಡದ್ದು, ನನಗೆ ಅದರ ತೂಕ ಹೆಚ್ಚು.

ನೀನು ಗಂಜಿನಲ್ಲಿ ಕನ್ನಡ, ದಖನಿ, ತೆಲುಗು ಆಡುತ್ತಿ. ನಮ್ಮ ಕಡೆಯ ಉರ್ದುವಾದ ದಖನಿ ನೀರು ಕುಡಿದಂತೆ ಬರುತ್ತದೆ, ಆದರೆ ಉರ್ದು ಲಿಪಿ ಒಂದಕ್ಷರ ಓದಲಾರಿ. ಅದನ್ನೇ ಕಲಿ. ಅಜ್ಜನ ಕಾಲದ ಹೊಲದ ಕಾಗದ ಪೆಟ್ಟಿಗೆಯಲ್ಲಿ ಹಾಗೇ ಇವೆ, ನಿಜಾಮ ಸರ್ಕಾರದವು, ಉರ್ದುವಿನಲ್ಲಿ. ದಿನಕ್ಕೆ 20 ನಿಮಿಷ ಸಾಕು. ವಾರಕ್ಕೊಮ್ಮೆ ಎರಡು ತಾಸು ಕೂತರೆ ನಿಲ್ಲುವುದಿಲ್ಲ.

ಬೇ, ಪೇ, ತೆ, ಟೆ, ಸೆ ಐದಕ್ಕೂ ದೋಣಿಯಂಥ ಒಂದೇ ಆಕಾರ. ಕೆಳಗೆ ಒಂದು ಚುಕ್ಕೆ ಇದ್ದರೆ ಬೇ, ಕೆಳಗೆ ಮೂರಿದ್ದರೆ ಪೇ, ಮೇಲೆ ಎರಡಿದ್ದರೆ ತೆ, ಮೂರಿದ್ದರೆ ಸೆ. ಹೀಗೆ ಕುಟುಂಬದ ಲೆಕ್ಕದಲ್ಲಿ ಹಿಡಿದರೆ ಸುಮಾರು 38 ಅಕ್ಷರ ಎಂಬ ಭಯ ಹೋಗುತ್ತದೆ. ಶಬ್ದದ ಆರಂಭ, ನಡು, ಕೊನೆಯಲ್ಲಿ ಅಕ್ಷರ ರೂಪ ಬದಲಿಸುತ್ತದೆ. ಬಿಡಿ ಅಕ್ಷರವನ್ನಷ್ಟೇ ತಿದ್ದಿದವರು ಸೋಲುವುದು ಅಲ್ಲೇ. ಅಲಿಫ್, ದಾಲ್, ರೇ, ವಾವ್ ಮತ್ತು ಅವುಗಳ ಆಕಾರದವು ಮುಂದಿನ ಅಕ್ಷರಕ್ಕೆ ಕೂಡುವುದಿಲ್ಲ. ಹ್ರಸ್ವ ಅ, ಇ, ಉಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ: ಕಾಫ್, ಲಾಮ್ ಎರಡೇ ಅಕ್ಷರ ‘ಕಲ್’ ಕೂಡ ಆಗುತ್ತದೆ, ‘ಕುಲ್’ ಕೂಡ. ನಿನ್ನೆಯೋ ಮೊತ್ತವೋ ಎಂಬುದು ವಾಕ್ಯ ನೋಡಿ ತಿಳಿಯಬೇಕು. ಭಾಷೆ ಬಾರದವನಿಗೆ ಇದು ಮುಳ್ಳು, ನಿನಗೆ ಅನುಕೂಲ.

ಬಹಳ ಜನ ತಪ್ಪುವುದು ಇಲ್ಲಿ: ಪುಸ್ತಕ ತೆರೆದಿಟ್ಟು ನೋಡಿ ನೋಡಿ ಬರೆಯುತ್ತಾರೆ, ಬಂತು ಅಂದುಕೊಳ್ಳುತ್ತಾರೆ. ಪುಸ್ತಕ ಮುಚ್ಚಿ ಬರೆ. ತಡಕಾಡು. ಆಮೇಲೆ ತೆರೆದು ತಿದ್ದು. ಆ ತಡಕಾಟವೇ ನೆನಪನ್ನು ಗಟ್ಟಿ ಮಾಡುವುದು. ಕಲಿತದ್ದನ್ನು ಮರುದಿನ, ನಾಲ್ಕನೆಯ ದಿನ, ಎಂಟನೆಯ ದಿನ, ಹದಿನಾರನೆಯ ದಿನ, ಮೂವತ್ತೆರಡನೆಯ ದಿನ ಹೀಗೇ ಪರೀಕ್ಷಿಸಿಕೊ. ಮಗಳಿಗೆ ಯದ್ವಾತದ್ವಾ ಕೇಳಲು ಹೇಳು. ಹತ್ತಕ್ಕೆ ಎಂಟು ಸರಿ ಬಂದರೆ ಹದ ಸರಿ ಇದೆ. ಹತ್ತಕ್ಕೆ ಹತ್ತು ಬಂದರೆ ಮುಂದಿನ ಪಾಠಕ್ಕೆ ಹೋಗು.

ಅಚ್ಚಿನ ಅಕ್ಷರ ಓದಲು ಬಂದ ಮೇಲೆ ಕಾಗದ ತೆಗೆ. ಮೊದಲು ಉರ್ದು ಅಂಕಿ, ಆಮೇಲೆ ಇಸವಿ. ಅಲ್ಲಿರುವುದು ನಿಜಾಮರ ಕಂದಾಯದ ಫಸಲಿ ವರ್ಷ, ಇಂದಿನ ಇಸವಿ ತಿಳಿಯಲು 590 ಕೂಡಿಸಬೇಕು: 1340 ಫಸಲಿ ಎಂದರೆ 1930-31. ಕೈಬರಹ ಶಿಕಸ್ತಾ ಎಂಬ ಗೀಚು ಶೈಲಿಯಲ್ಲಿ ಇದ್ದರೆ ಅಚ್ಚು ಓದುವವರಿಗೂ ತೊಡಕು, ಚುಕ್ಕೆಗಳನ್ನೇ ನುಂಗಿರುತ್ತಾರೆ. ಓದಬಲ್ಲ ಹಿರಿಯರು ದರ್ಗಾದ ಓಣಿಯಲ್ಲಿ ಸಿಗುತ್ತಾರೆ. ವಾರಕ್ಕೊಮ್ಮೆ ಅವರ ಬಳಿ ಹೋಗಿ ಕೂಡು, ಅವರಿಗೂ ಮಾತಿಗೆ ಜನ ಬೇಕು.

ಬಿಪಿ ಬರೆದ ಚೀಟಿಯ ಫೋಟೋ ಬರುವ ಸೋಮವಾರ ಕಳಿಸು. ಅದರ ಕೆಳಗೆ ಉರ್ದು ಲಿಪಿಯಲ್ಲಿ ‘ಕುಲ್’ ಎಂದು ಬರೆದಿರಲಿ, ಪುಸ್ತಕ ಮುಚ್ಚಿಟ್ಟು.

ನಿನ್ನ ಕಾಕಾ