ಒಗ್ಗರಣೆಗೆ ಹೊಗೆ ಅಲಾರಂ ಕೂಗಿತೆಂದು ಬ್ಯಾಟರಿ ಕೀಳಬೇಡಿ

ಮಾನ್ಯರೇ,

ನಾನು ಬನಹಟ್ಟಿಯಲ್ಲಿ ಮನೆ ವೈರಿಂಗ್ ಮಾಡುವವನು. ನಮ್ಮ ರಬಕವಿ-ಬನಹಟ್ಟಿಯ ನೇಕಾರರ ಎಷ್ಟೋ ಮನೆಗಳಲ್ಲಿ ಮುಂದೆ ಮಗ್ಗ, ಹಿಂದೆ ಸಂಸಾರ. ರಾತ್ರಿ ಮಗ್ಗದ ಕಡೆ ವೈರ್ ಸುಟ್ಟು ನೂಲಿಗೆ ಬೆಂಕಿ ತಗುಲಿದರೆ, ಮಲಗಿದವರು ಬೀದಿಗೆ ಬರುವ ದಾರಿಯಲ್ಲೇ ಬೆಂಕಿ ಇರುತ್ತದೆ. ವಾಸನೆಗೆ ಎಚ್ಚರ ಆಗುತ್ತದಲ್ಲ ಎನ್ನುತ್ತಾರೆ. ಗಾಢ ನಿದ್ದೆಯಲ್ಲಿ ಮೂಗನ್ನು ನಂಬುವಂತಿಲ್ಲ. ಜೋರಾಗಿ ಕೂಗುವ ಹೊಗೆ ಅಲಾರಂ ಬೇಕೇ ಬೇಕು.

ಈಗೀಗ ಕೆಲವರು ಹಾಕಿಸುತ್ತಿದ್ದಾರೆ. ಆದರೆ ಮುಂದೆ ಯಾವುದೋ ಕೆಲಸಕ್ಕೆ ಅದೇ ಮನೆಗೆ ಹೋದರೆ ಒಳಗೆ ಬ್ಯಾಟರಿಯೇ ಇರುವುದಿಲ್ಲ. “ಒಗ್ಗರಣಿ ಹಾಕಿದ್ರೂ ಒದರತೈತ್ರೀ, ಕಿತ್ತಿಟ್ಟೀವಿ” ಎನ್ನುತ್ತಾರೆ. ಕೀಳಬೇಡಿ, ಜಾಗ ಬದಲಿಸಿ. ಒಲೆಯಿಂದ 10 ಅಡಿಯಾದರೂ ದೂರ, ಮಲಗುವ ಕೋಣೆಯ ಹೊರಗೆ, ಮಗ್ಗದ ಕಡೆಯಿಂದ ಹೊಗೆ ಬರುವ ದಾರಿಯಲ್ಲಿ ತಲೆ ಮೇಲಿನ ಚಾವಣಿಗೆ ಹಾಕಿಸಿ. ಹೊಗೆ ಮೇಲಕ್ಕೇ ಏರುತ್ತದೆ ಅಲ್ವಾ? ಫ್ಯಾನಿನ ಗಾಳಿ ಬಡಿಯುವ ಕಡೆ ಬೇಡ.

ಮಗ್ಗದ ಕೋಣೆಯ ಒಳಗೇ ಹಾಕಿದರೆ ಹತ್ತಿ ಧೂಳಿನ ಕಾಟ. ಈಗ ಬರುವ ಹೆಚ್ಚಿನ ಅಲಾರಂಗಳ ಒಳಗೆ ಒಂದು ಸಣ್ಣ ಬೆಳಕು ಇರುತ್ತದೆ. ಹೊಗೆ ಹೊಕ್ಕು ಆ ಬೆಳಕು ಚದುರಿದಾಗ ಕೂಗುತ್ತದೆ. ಧೂಳು ಹೊಕ್ಕರೂ ಹಾಗೇ, ಸುಮ್ನೆ ಕೂಗುತ್ತದೆ. ಧೂಳು ಪೂರಾ ಮೆತ್ತಿಕೊಂಡರೆ ನಿಜವಾದ ಹೊಗೆ ಒಳಗೇ ಹೋಗುವುದಿಲ್ಲ. ಇದು ಇನ್ನೂ ಅಪಾಯ. ಅಂಥ ಕೋಣೆಗೆ, ಅಡುಗೆಮನೆಗೆ ಶಾಖಕ್ಕೆ ಕೂಗುವ ಹೀಟ್ ಅಲಾರಂ ಸಿಗುತ್ತದೆ. ಅದು ಸ್ವಲ್ಪ ನಿಧಾನ. ಅದನ್ನು ಹಾಕಿದರೂ ಮಲಗುವ ಕಡೆ ಹೊಗೆ ಅಲಾರಂ ಇರಲೇಬೇಕು.

ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡಿ. ಆಗಲೇ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ, ನೀರು ತಾಗಿಸಬೇಡಿ. ಬ್ಯಾಟರಿ ವರ್ಷಕ್ಕೊಮ್ಮೆ ಬದಲಿಸಿ. ನಡುನಡುವೆ ಕೀಂ ಕೀಂ ಅಂದರೆ ಬ್ಯಾಟರಿ ಮುಗಿಯುತ್ತಾ ಬಂದಿದೆ ಎಂದೇ ತಿಳಿಯಿರಿ. 10 ವರ್ಷವಾದರೆ ಅಲಾರಂ ಅನ್ನೇ ಬದಲಿಸಬೇಕು. ದೀಪಾವಳಿಗೆ ಗೋಡೆಯ ಜೊತೆ, ಹೊಗೆ ಹೋಗುವ ಕಿಂಡಿಯೇ ಮುಚ್ಚುವಂತೆ, ಅಲಾರಂಗೂ ಬಣ್ಣ ಬಳಿದಿರುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಿತ್ತಲ ಬಾಗಿಲಿಗೆ ರಾತ್ರಿ ಬೀಗ ಹಾಕುವವರು ಕೀಲಿಯನ್ನು ಬಾಗಿಲ ಪಕ್ಕದಲ್ಲೇ ನೇತುಹಾಕಿ. ಅಲಾರಂ ಕೂಗಿದರೆ ಮೊದಲು ಎಲ್ಲರೂ ಹೊರಗೆ ಬನ್ನಿ, ಆಮೇಲೆ 112ಕ್ಕೆ ಫೋನ್ ಮಾಡಿ. ನೂಲು, ಸೀರೆ ಉಳಿಸಲು ಮತ್ತೆ ಒಳಗೆ ಹೋಗಬೇಡಿ.

ತೇರದಾಳ, ಮಹಾಲಿಂಗಪುರದ ನನ್ನ ವೈರ್‌ಮನ್ ಗೆಳೆಯರಲ್ಲೂ ಒಂದು ಕೇಳಿಕೆ. ಅಲಾರಂ ಹಾಕಿ ಹಣ ತೆಗೆದುಕೊಂಡು ಹೊರಡಬೇಡಿ. ಮನೆಯವರನ್ನೆಲ್ಲ, ಮಕ್ಕಳನ್ನೂ, ನಿಲ್ಲಿಸಿಕೊಂಡು ಒಮ್ಮೆ ಬಟನ್ ಒತ್ತಿ ಆ ಸದ್ದು ಕೇಳಿಸಿ. ಬ್ಯಾಟರಿ ಹಾಕಿದ ತಾರೀಖನ್ನು ಅದರ ಮೇಲೆಯೇ ಬರೆದು ಬನ್ನಿ.

– ಒಬ್ಬ ವೈರ್‌ಮನ್, ಬನಹಟ್ಟಿ, ಬಾಗಲಕೋಟೆ ಜಿಲ್ಲೆ