ಕುಂಬಾರರ ಹಳೆಯ ಆವಿಗೆಗಳ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಪ್ರವಾಸ ಪುಟದಲ್ಲಿ ಜಪಾನಿನ ಕ್ಯೋಟೋ ನಗರದ ಮಾತು ಬಂದಾಗಲೆಲ್ಲ ದೇವಾಲಯ, ತೋಟ, ಚೆರ್ರಿ ಹೂವು ಇವೇ ಜಾಸ್ತಿ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ಅದೇ ಊರಿನ ಗೋಜೋಝಾಕಾ ಎಂಬಲ್ಲಿ ಕುಂಬಾರ ಕವಾಯಿ ಕಾಂಜಿರೋ ಅವರ ಮನೆಯಿದೆ. 1937ರಲ್ಲಿ ಅವರೇ ಯೋಚಿಸಿ ಕಟ್ಟಿಸಿದ್ದು. ಅವರು 1966ರಲ್ಲಿ ತೀರಿಕೊಂಡರು. 1973ರಿಂದ ಮನೆ ಎಲ್ಲರಿಗೂ ತೆರೆದಿದೆ. ನೋಡಲು ಹೋದ ಬಹಳ ಜನ ಮುಂದಿನ ಕೋಣೆಗಳನ್ನು ನೋಡಿ, ಫೋಟೋ ತೆಗೆದುಕೊಂಡು ವಾಪಸಾಗುತ್ತಾರೆ. ನಿಜವಾದ ಸಂಪತ್ತು ಇರುವುದು ಹಿತ್ತಲಲ್ಲಿ.

ಅಲ್ಲಿ ಇಳಿಜಾರಿನ ಮೇಲೆ ಎಂಟು ಕೋಣೆಗಳ ದೊಡ್ಡ ಆವಿಗೆ, ಅಂದರೆ ಮಡಕೆ ಸುಡುವ ಗೂಡು, ಇದೆ. ಒಂದು ಕೋಣೆಗಿಂತ ಇನ್ನೊಂದು ಸ್ವಲ್ಪ ಎತ್ತರದಲ್ಲಿದೆ. ಬೆಂಕಿ ಹಚ್ಚುವುದು ಎಲ್ಲಕ್ಕಿಂತ ಕೆಳಗೆ. ಬಿಸಿ ಮೇಲಕ್ಕೇ ಹೋಗುವುದು ತಾನೇ? ಕೆಳಗಿನ ಕೋಣೆಯ ಮಡಕೆಗಳು ಬೇಯುವಾಗಲೇ ಮೇಲಿನ ಕೋಣೆಗಳು ಕಾದುಕೊಳ್ಳುತ್ತವೆ. ಒಂದು ಕೋಣೆ ಮುಗಿದ ಮೇಲೆ ಮುಂದಿನದರ ಪಕ್ಕದ ಕಿಂಡಿಯಿಂದ ಸೌದೆ ಹಾಕುತ್ತಾರೆ. ಹೀಗೆ ಒಂದೊಂದೇ ಕೋಣೆ 1,200 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇಳಿಜಾರೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಸುಮ್ನೆ ಹೊರಗೆ ಹೋಗಬೇಕಾದ ಬಿಸಿಯನ್ನು ಇಷ್ಟು ಜಾಣತನದಿಂದ ದುಡಿಸಿಕೊಂಡವರ ಬಗ್ಗೆ ನನಗೆ ಅಪಾರ ಗೌರವ.

ಇಂಥ ಸೌದೆ ಆವಿಗೆಗಳನ್ನು ನೋಡಲು ಹೋದವರು ದಯವಿಟ್ಟು ಬಾಗಿಲಲ್ಲಿ ಬಗ್ಗಿ ಒಳಗೋಡೆ ನೋಡಿ. ಬೆಂಕಿಯ ಜೊತೆ ಹಾರಿದ ಬೂದಿ ಆ ಕಾವಿಗೆ ಕರಗಿ ಇಟ್ಟಿಗೆಗೆ ಅಂಟಿರುತ್ತದೆ. ಕೆಲವು ಕಡೆ ಗಾಜಿನಂತೆ ಹೊಳೆಯುತ್ತದೆ, ಕೆಲವು ಕಡೆ ಹನಿಹನಿಯಾಗಿ ಇಳಿದು ಹಾಗೇ ಗಟ್ಟಿಯಾಗಿರುತ್ತದೆ. ಎಷ್ಟೋ ಸಲ ಸುಟ್ಟ ಗುರುತು ಪದರ ಪದರವಾಗಿ ಅಲ್ಲೇ ಇರುತ್ತದೆ.

ಕವಾಯಿ ಈ ಆವಿಗೆಯನ್ನು ಕೊಂಡಿದ್ದು 1920ರಲ್ಲಿ. ಆದರೆ ತಾವೊಬ್ಬರೇ ಬಳಸಲಿಲ್ಲ. ಸುತ್ತಲಿನ ಸುಮಾರು 20 ಕುಂಬಾರ ಮನೆಗಳವರು ತಮ್ಮ ಹಸಿ ಮಡಕೆಗಳನ್ನು ತಂದು ಇದರಲ್ಲೇ ಸುಡುತ್ತಿದ್ದರು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಒಂದು ಬಟ್ಟಲು ನೋಡಿದರೆ ಇದು ತಿಳಿಯುತ್ತದೆಯೇ? ಕವಾಯಿ ಸರ್ಕಾರದ ದೊಡ್ಡ ಗೌರವಗಳನ್ನು ಬೇಡ ಅಂದವರು, ಪಾತ್ರೆಗಳ ಮೇಲೆ ಹೆಸರು ಬರೆಯುವುದನ್ನೂ ಬಿಟ್ಟವರು. ಆ ಎಂಟು ಕೋಣೆಗಳ ಮುಂದೆ ನಿಂತಾಗ ಅದು ಯಾಕೆ ಅಂತ ನನಗೆ ಅರ್ಥವಾಯಿತು.

1970ರ ಸುಮಾರಿಗೆ ಹೊಗೆಯ ಮೇಲೆ ನಿರ್ಬಂಧ ಬಂದು ಅಲ್ಲಿ ಬೆಂಕಿ ನಿಂತಿತು. ಜನವಸತಿಯ ನಡುವೆ ಅದು ಸರಿಯಾದ ತೀರ್ಮಾನವೇ. ಆದರೆ ಉರಿಯದ ಆವಿಗೆ ಯಾಕೆ ಅಂತ ಕೆಡವದೆ ಬಿಟ್ಟರಲ್ಲ, ಅದು ದೊಡ್ಡತನ.

ಎಲ್ಲ ಕಡೆ ಹೀಗಾಗುವುದಿಲ್ಲ. ಮಡಕೆಗಳು ಮ್ಯೂಸಿಯಂಗೆ ಹೋಗುತ್ತವೆ, ಆವಿಗೆ ಮಳೆಗೆ ನೆನೆದು ಕುಸಿಯುತ್ತದೆ. ಆವಿಗೆ ಉಳಿಯಲು ಮೊದಲು ಬೇಕಾಗಿರುವುದು ಒಂದು ಒಳ್ಳೆಯ ಸೂರು. ಮನಸ್ಸಿದ್ದರೆ ಬಿದ್ದದ್ದನ್ನೂ ಎತ್ತಿ ನಿಲ್ಲಿಸಬಹುದು. ಜಪಾನಿನದೇ ಮಾಶಿಕೋ ಊರಿನಲ್ಲಿ ಕುಂಬಾರ ಹಮಾದಾ ಶೋಜಿ ಅವರ ಆವಿಗೆ 2011ರ ಭೂಕಂಪದಲ್ಲಿ ಹಾಳಾಗಿತ್ತು. ಅದನ್ನು ದುರಸ್ತಿ ಮಾಡಿ, 2015ರಲ್ಲಿ ಕುಂಬಾರರೆಲ್ಲ ಸೇರಿ ಮತ್ತೆ ಬೆಂಕಿ ಹಚ್ಚಿದರು. ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಕುಂಬಾರ ಬರ್ನಾರ್ಡ್ ಲೀಚ್ ಅವರ ಮೂರು ಕೋಣೆಗಳ ಆವಿಗೆಯನ್ನೂ ಉಳಿಸಿದ್ದಾರೆ. 1920ರ ದಶಕದಲ್ಲಿ ಅದನ್ನು ಕಟ್ಟಿಕೊಟ್ಟವರು ಜಪಾನಿನ ಮತ್ಸುಬಯಾಶಿ. ಲೀಚ್ ಜೊತೆ 1920ರಲ್ಲಿ ಅಲ್ಲಿನ ಮಡಕೆ ಕಾರ್ಖಾನೆ ಶುರುಮಾಡಿದವರು ಇದೇ ಹಮಾದಾ, ಕವಾಯಿಯವರ ಜೀವದ ಗೆಳೆಯ.

ಈ ಮೂರೂ ಜಾಗಗಳನ್ನು ಸೇರಿಸಿ, ಬೆಂಕಿ ಹೇಗೆ ಸಾಗುತ್ತದೆ ಎಂಬ ಚಿತ್ರದ ಜೊತೆ, ಪ್ರವಾಸ ಪುಟದಲ್ಲಿ ಒಂದು ಲೇಖನ ಕೊಡಿ. ಹೋಗುವವರು ಹಿತ್ತಲ ತನಕ ಹೋಗಿ ನೋಡಲಿ.

ಇತಿ,
ಒಬ್ಬ ಓದುಗ